ಪೂನಂಳನ್ನು ಕರೆದ ಚಳಿಗಾಲ

ಕಳೆದ ಜನವರಿಯಲ್ಲಿ ಮಗಳ ಗೆಳತಿಯ ಹುಟ್ಟುಹಬ್ಬಕ್ಕೆಂದು ಗುಡಗಾಂವಿಗೆ ಹೋಗಬೇಕಾಯಿತು. ಮೆಟ್ರೋ ಇಳಿದು, ಇ-ರಿಕ್ಷಾ ಹಿಡಿದು, ಹೆದ್ದಾರಿಯ ಮೇಲಿನ ಪಾದಚಾರಿ ಸೇತುವೆ ಹತ್ತಿದೆವು. ಸೇತುವೆಗೆ ಈಗ ಲಿಫ್ಟ್ ಕೂಡ ಇದೆ. ನಡುವಿಗೆ ಬರುವಷ್ಟರಲ್ಲಿ ಕೆಳಗಿನಿಂದ ಒಂದು ವಾಸನೆ ಎದ್ದು ಬಂತು. ಹಸಿ ಮಂಜು, ಡೀಸೆಲ್ ಹೊಗೆ, ಚಳಿ ಕಾಯಿಸಲು ಯಾರೋ ಸುಟ್ಟ ಟೈರು, ಎಲ್ಲ ಕಲೆತ ವಾಸನೆ. ನನ್ನ ಕಾಲುಗಳು ನಿಂತುಬಿಟ್ಟವು.

"ಅಮ್ಮಾ, ರುಕ್ ಕ್ಯೂಂ ಗಯೀ? ಲೇಟ್ ಆಗ್ತಿದೆ, ಚಲೋ ನಾ" ಎಂದಳು ಮಗಳು.

"ಏನಿಲ್ಲ, ನಡಿ" ಎಂದೆ. ಆದರೆ ಕಂಬಿ ಹಿಡಿದುಕೊಂಡು ಕೆಳಗೆ ನೋಡದೆ ಇರಲಾಗಲಿಲ್ಲ. ಹೋಗುವ ರಸ್ತೆಗೂ ಬರುವ ರಸ್ತೆಗೂ ನಡುವೆ ಕಾಂಕ್ರೀಟಿನ ಗಿಡ್ಡ ಗೋಡೆ. ಒಂದು ಕಾಲದಲ್ಲಿ ದಿನಾ ಬೆಳಿಗ್ಗೆ ಆ ಗೋಡೆಯ ಮೇಲೆ ಕೂತು ಎದ್ದು ಹೋಗುತ್ತಿದ್ದೆ ಎಂದರೆ ಇವಳು ನಂಬುವುದಿಲ್ಲ.

ಎರಡು ಸಾವಿರದ ಏಳು ಮುಗಿದು ಎಂಟಕ್ಕೆ ಕಾಲಿಟ್ಟ ಚಳಿಗಾಲ ಅದು. ಮದುವೆಯಾಗಿ ದೆಹಲಿಗೆ ಬಂದು ಎರಡನೆಯ ವರ್ಷ. ನನ್ನ ಗಂಡ ಪ್ರಕಾಶ್ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ಸರ್ಕಾರಿ ಕ್ವಾರ್ಟರ್ಸಿಗೆ ನಮ್ಮ ಸರದಿ ಇನ್ನೂ ಬಂದಿರಲಿಲ್ಲವಾದ್ದರಿಂದ ನಗರದೊಳಗೇ ಉಳಿದ ಮುನಿರ್ಕಾ ಹಳ್ಳಿಯ ಓಣಿಯಲ್ಲಿ ಬಾಡಿಗೆಗಿದ್ದೆವು. ಎದುರು ಮನೆಯ ಬಾಲ್ಕನಿಗೆ ಕೈ ಚಾಚಿದರೆ ಸಿಗುವಷ್ಟು ಇಕ್ಕಟ್ಟು. ಅಕ್ಟೋಬರ್ ಕಳೆದರೆ ನಮ್ಮ ಕೋಣೆಗೆ ಬಿಸಿಲೇ ಬರುತ್ತಿರಲಿಲ್ಲ. ಇಡೀ ದಿನ ಟ್ಯೂಬ್‌ಲೈಟ್ ಹಾಕಿಕೊಂಡು ಕೂತು ಕೂತು ನನಗೆ ಹುಚ್ಚು ಹಿಡಿಯುವ ಹಾಗಾಗಿತ್ತು. ಆಗ ದಾರಿ ತೋರಿಸಿದವಳು ನಸ್ರೀನ್. ಕಲಬುರಗಿಯ ಹುಡುಗಿ, ಪಕ್ಕದ ಓಣಿಯಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದಳು. ತರಕಾರಿ ಗಾಡಿಯ ಮುಂದೆ ನಾನು ನನಗೆ ನಾನೇ ಕನ್ನಡದಲ್ಲಿ ಏನೋ ಗೊಣಗಿಕೊಳ್ಳುವುದನ್ನು ಕೇಳಿಸಿಕೊಂಡು, "ನೀವು ನಮ್ಮ ಕಡೆಯವರೇನ್ರಿ ಅಕ್ಕಾ?" ಎಂದು ಮಾತಿಗೆಳೆದವಳು. ಗುಡಗಾಂವಿನ ಗಡಿ ದಾಟಿದ ಕೂಡಲೇ ಹೊಸದಾಗಿ ಎದ್ದ ಒಂದು ಮಾಲಿನ ಆಫೀಸಿನಲ್ಲಿ ಅವಳಿಗೆ ಕಂಪ್ಯೂಟರ್ ಕೆಲಸ. ಅಲ್ಲಿಯ ಹೆಲ್ಪ್ ಡೆಸ್ಕಿಗೆ ಹೆಂಗಸೊಬ್ಬಳು ಬೇಕಾಗಿದ್ದಾಳೆ ಎಂದು ಕರೆದುಕೊಂಡು ಹೋದಳು.

ಕೆಲಸ ಎಂದರೆ ಮುಖ್ಯ ಬಾಗಿಲ ಒಳಗೆ ಅರ್ಧ ಚಂದ್ರಾಕಾರದ ಮೇಜಿನ ಹಿಂದೆ ಕೂತು ಮೈಕಿನಲ್ಲಿ ಮಾತಾಡುವುದು. ಮಕ್ಕಳು ಕಳೆದುಹೋದರೆ ತಾಯಿಯನ್ನು ಕರೆಯಬೇಕು, ಅಡ್ಡ ನಿಲ್ಲಿಸಿದ ಕಾರಿನ ಯಜಮಾನನನ್ನು ಕರೆಯಬೇಕು. ತುಮಕೂರಿನಲ್ಲಿ ಓದುವಾಗ ಹಿಂದಿ ಪರೀಕ್ಷೆಗಳನ್ನೆಲ್ಲ ಕಟ್ಟಿ ಪಾಸು ಮಾಡಿದ್ದೆ. ನನ್ನದು ಪುಸ್ತಕದ ಹಿಂದಿ. ಮುನಿರ್ಕಾದ ಹಾಲಿನ ಭಯ್ಯಾ ಅದನ್ನು ಕೇಳಿ ನಗುತ್ತಿದ್ದ. ಮ್ಯಾನೇಜರ್ ಸೂದ್ ಸಾಹೇಬರಿಗೆ ಮಾತ್ರ ಅದೇ ಹಿಡಿಸಿತು. "ರೈಲ್ವೆ ಸ್ಟೇಷನ್ನಿನಲ್ಲಿ ಹೇಳುತ್ತಾರಲ್ಲ, ಹಾಗಿದೆ. ಜನ ಕಿವಿಗೊಟ್ಟು ಕೇಳುತ್ತಾರೆ" ಎಂದರು.

ಕೇಳುವ ಜನವೇ ಅಲ್ಲಿರಲಿಲ್ಲ. ಶನಿವಾರ, ಭಾನುವಾರ ಕಾರುಗಳು ಸಾಲುಗಟ್ಟಿ ಬಂದು ನೆಲಮಾಳಿಗೆಯೊಳಗೆ ಇಳಿದುಹೋಗುತ್ತಿದ್ದವು, ಕಾರಿನಿಂದ ಇಳಿದವರು ಲಿಫ್ಟಿನಲ್ಲಿ ನೇರ ಮೇಲೆ ಬರುತ್ತಿದ್ದರು. ಉಳಿದ ದಿನಗಳಲ್ಲಿ ಅಷ್ಟು ದೊಡ್ಡ ಕಟ್ಟಡ ಖಾಲಿ ಹೊಡೆಯುತ್ತಿತ್ತು. ಅಮೃತಶಿಲೆಯ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು, ಗಾಜಿನ ಹಿಂದೆ ಕೋಟು ತೊಟ್ಟ ಬೊಂಬೆಗಳು ನಿಂತಿದ್ದವು. ಎಲ್ಲಿಂದಲೋ ಸಣ್ಣಗೆ ಹಾಡು, ಎಲ್ಲಿಂದಲೋ ಸೆಂಟಿನ ವಾಸನೆ. ಎಸ್ಕಲೇಟರುಗಳು ಸುಮ್ಮನೆ ನಿಂತಿರುತ್ತಿದ್ದವು. ಯಾರಾದರೂ ಕಾಲಿಟ್ಟರೆ ಮಾತ್ರ ಗುಂಯ್ ಎಂದು ಓಡಿ, ಅವರು ಇಳಿದ ಮೇಲೆ ಮತ್ತೆ ನಿಲ್ಲುತ್ತಿದ್ದವು. ನಾನು ಮೈಕಿನಲ್ಲಿ ಏನಾದರೂ ಹೇಳಿದರೆ ನನ್ನ ದನಿ ಮೇಲಿನ ಗಾಜಿನ ಗುಮ್ಮಟಕ್ಕೆ ಬಡಿದು, ತಡವಾಗಿ, ಬೇರೆ ಯಾರದೋ ದನಿಯಾಗಿ ವಾಪಸು ಬರುತ್ತಿತ್ತು. ಮೊದಲ ವಾರ ಪ್ರತಿ ಸಲವೂ ಬೆಚ್ಚಿ ತಲೆಯೆತ್ತಿ ನೋಡಿದ್ದೆ.

ಆ ಮಾಲಿಗೆ ನಡೆದು ಬರುವವರಿಗೆ ದಾರಿಯೇ ಇರಲಿಲ್ಲ. ಇದು ಉತ್ಪ್ರೇಕ್ಷೆಯಲ್ಲ. ಕಾರು ಬರುವ ಇಳಿಜಾರಿನಲ್ಲೇ ನಾವೂ ಬದಿ ಹಿಡಿದು ಹತ್ತಬೇಕು, ಕಾರಿನ ಡಿಕ್ಕಿ ತಪಾಸಣೆ ಮಾಡುವ ಕಾವಲುಗಾರನೇ ನಮ್ಮ ಚೀಲವನ್ನೂ ನೋಡಬೇಕು. ಮೆಟ್ರೋ ಇನ್ನೂ ಗುಡಗಾಂವಿಗೆ ಬಂದಿರಲಿಲ್ಲ. ದೂರದಲ್ಲಿ ಅದರ ಕಂಬಗಳು ಮಾತ್ರ ತಲೆಯಿಲ್ಲದೆ ಎದ್ದು ನಿಂತಿದ್ದವು. ನಾವು ಮುನಿರ್ಕಾದಿಂದ ಮಹಿಪಾಲ್‌ಪುರಕ್ಕೆ ಒಂದು ಬಸ್ಸು, ಅಲ್ಲಿಂದ ಹರಿಯಾಣದ ಬಸ್ಸು ಹಿಡಿಯುತ್ತಿದ್ದೆವು. ಆ ಬಸ್ಸು ನಮ್ಮನ್ನು ಇಳಿಸುತ್ತಿದ್ದುದು ಹೆದ್ದಾರಿಯ ಎಡಬದಿಗೆ. ಮಾಲ್ ಇದ್ದದ್ದು ಬಲಬದಿಗೆ. ಸಿಗ್ನಲ್ ಇಲ್ಲ, ಸೇತುವೆ ಇಲ್ಲ, ಸುರಂಗ ಇಲ್ಲ. ಸಂಜೆ ಪರವಾಗಿಲ್ಲ, ದೆಹಲಿಗೆ ಹೋಗುವ ಬಸ್ಸು ಮಾಲಿನ ಕಡೆಯಿಂದಲೇ ಬರುತ್ತಿತ್ತು, ಕೈ ಅಡ್ಡ ಹಾಕಿದರೆ ಒಮ್ಮೊಮ್ಮೆ ನಿಲ್ಲುತ್ತಿತ್ತು. ಬೆಳಿಗ್ಗೆ ಮಾತ್ರ ಆ ಇಡೀ ರಸ್ತೆಯನ್ನು ಕಾಲ್ನಡಿಗೆಯಲ್ಲಿ ದಾಟಲೇಬೇಕು.

"ಇದು ಮಂದಿ ಸಲುವಾಗಿ ಕಟ್ಟಿದ್ದಲ್ರಿ ಅಕ್ಕಾ, ಕಾರಿನ ಸಲುವಾಗಿ ಕಟ್ಟ್ಯಾರ" ಎನ್ನುತ್ತಿದ್ದಳು ನಸ್ರೀನ್. "ಮಂದಿ ಬೇಕಾಗಿರೋದು ಬರೇ ನೆಲ ಒರೆಸಲಿಕ್ಕೆ, ಬಾಗಿಲು ತೆಗೀಲಿಕ್ಕೆ."

ಡಿಸೆಂಬರ್ ನಡುವಿಗೆ ಮಂಜು ಬಿತ್ತು. ನಮ್ಮ ಊರ ಕಡೆಯ ಮಂಜು ಹುಲ್ಲಿನ ಮೇಲೆ ಕೂತಿರುತ್ತದೆ, ಬಿಸಿಲು ಬಂದರೆ ಎದ್ದು ಹೋಗುತ್ತದೆ. ಇದು ಹಾಗಲ್ಲ. ಇದು ಹಳದಿ ಬಣ್ಣದ್ದು, ಗಂಟಲಿಗೆ ಸಿಕ್ಕಿಕೊಳ್ಳುವಂಥದ್ದು. ಕೈ ಚಾಚಿದರೆ ಬೆರಳು ಕಾಣುವುದಿಲ್ಲ. ಬಸ್ಸಿನ ಕಂಡಕ್ಟರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಅಂದಾಜಿನಲ್ಲಿ ಬಸ್ಸು ನಿಲ್ಲಿಸುತ್ತಿದ್ದ. ಇಳಿದವರೆಲ್ಲ ಮಾಲಿನ ಕೆಲಸದವರೇ. ನಾವು ಒಬ್ಬರ ಕೈ ಒಬ್ಬರು ಹಿಡಿದು ಸಾಲಾಗಿ ನಿಲ್ಲುತ್ತಿದ್ದೆವು. ಮುಂದೆ ಶೂ ಅಂಗಡಿಯ ಸೇಲ್ಸ್‌ಮನ್ ದೇವೇಂದರ್, ಸೋನಿಪತ್ ಕಡೆಯವನು, ಎತ್ತರದ ಆಳು. ಅವನ ಹಿಂದೆ ನಾನು, ನನ್ನ ಹಿಂದೆ ನಸ್ರೀನ್, ಅವಳ ಹಿಂದೆ ಉಳಿದವರು. ದೇವೇಂದರ್ ಉಸಿರು ಹಿಡಿದು ಕೇಳಿಸಿಕೊಳ್ಳುತ್ತಿದ್ದ. ಸದ್ದು ಕಡಿಮೆಯಾಯಿತು ಅನಿಸಿದರೆ "ಚಲೋ" ಎನ್ನುತ್ತಿದ್ದ. ಆಗ ಓಟ. ನಡುವಿನ ಗೋಡೆ ಸಿಕ್ಕಿದರೆ ಅದರ ಮೇಲೆ ಕೂತು ಸುಧಾರಿಸಿಕೊಂಡು, ಮತ್ತೆ ಇನ್ನೊಂದು ಓಟ. ಗೋಡೆಯ ಮೇಲೆ ಕೂತಿರುವಾಗ ಎರಡೂ ಬದಿಯಲ್ಲಿ ಏನೂ ಕಾಣುತ್ತಿರಲಿಲ್ಲ. ಲಾರಿಗಳ ಗಾಳಿ ಮಾತ್ರ ಹೊಡೆದು ಹೋಗುತ್ತಿತ್ತು.

ಮನೆಯಲ್ಲಿ ಹೇಳಿದಾಗ ಪ್ರಕಾಶ್ ಊಟ ಬಿಟ್ಟು ನನ್ನ ಮುಖ ನೋಡಿದರು. "ಬಿಟ್ಟುಬಿಡು ಸುಮಾ. ಏನೂ ಅಂಥ ಕಷ್ಟ ಇಲ್ಲ ನಮಗೆ."

"ಈ ಕೋಣೆಯಲ್ಲಿ ಕೂತು ನೋಡಿ, ಆಗ ಗೊತ್ತಾಗುತ್ತೆ ಕಷ್ಟ ಇದೆಯೋ ಇಲ್ಲವೋ" ಎಂದೆ. ಮರುದಿನದಿಂದ ಮಾಲ್ ತಲುಪಿದ ಕೂಡಲೇ ಅವರ ಕಚೇರಿಗೆ ಒಂದು ಮಿಸ್ಡ್ ಕಾಲ್ ಕೊಡಬೇಕೆಂದು ಮಾತಾಯಿತು.

ಹರಿಕಿಶನ್ ಜೀ ಎಂಬ ಮುದುಕರು ಮೊದಲ ಸಲ ಮೇಜಿನ ಹತ್ತಿರ ಬಂದದ್ದು ಅಂಥದೇ ಮಂಜಿನ ಒಂದು ಮಂಗಳವಾರ. ಮಧ್ಯಾಹ್ನವಾಗಿದ್ದರೂ ಹೊರಗೆ ಬೆಳಕು ಮಬ್ಬಾಗಿತ್ತು. ವಯಸ್ಸಾದವರು, ಬೂದು ಬಣ್ಣದ ಸ್ವೆಟರಿನ ಮೇಲೆ ಶಾಲು, ಕಿವಿ ಮುಚ್ಚುವ ಮಫ್ಲರ್. ಮೇಜಿನ ಮುಂದೆ ನಿಂತು ಬಹಳ ಮರ್ಯಾದೆಯಿಂದ ಕೇಳಿದರು.

"ಬೇಟಿ, ನನ್ನ ಮಗಳನ್ನು ಸ್ವಲ್ಪ ಕರೀತೀಯಾ? ಪೂನಂ ಅಂತ. ಇಲ್ಲೇ ಕೆಲಸ. ಅಪ್ಪ ಗೇಟಿನ ಹತ್ತಿರ ಕಾಯ್ತಿದ್ದಾನೆ ಅಂತ ಹೇಳಬೇಕು."

ದಿನಕ್ಕೆ ಒಂದೆರಡು ಬಾರಿ ಹೀಗೆ ಯಾರನ್ನಾದರೂ ಕರೆಯುತ್ತಿದ್ದುದರಿಂದ ನಾನೇನೂ ಯೋಚಿಸಲಿಲ್ಲ. ಮೈಕ್ ಹಾಕಿ, ಪೂನಂ ಜೀ ದಯವಿಟ್ಟು ಮುಖ್ಯ ದ್ವಾರಕ್ಕೆ ಬರಬೇಕು, ನಿಮ್ಮ ಪಿತಾಜಿ ಪ್ರತೀಕ್ಷೆಯಲ್ಲಿದ್ದಾರೆ ಎಂದು ನನ್ನ ಪುಸ್ತಕದ ಹಿಂದಿಯಲ್ಲಿ ಹೇಳಿದೆ. ದನಿ ಗುಮ್ಮಟದವರೆಗೆ ಹೋಗಿ ಬಂತು. ಅದು ಮುಗಿಯುತ್ತಿದ್ದಂತೆ ಎರಡನೆಯ ಮಹಡಿಯಿಂದ ಕೆಳಗಿಳಿಯುವ ಎಸ್ಕಲೇಟರ್ ಗುಂಯ್ ಎಂದು ಹೊರಟಿತು. ಪೂನಂ ಬಂದಳು ಎಂದು ತಲೆಯೆತ್ತಿ ನೋಡಿದೆ. ಯಾರೂ ಇರಲಿಲ್ಲ. ಖಾಲಿ ಮೆಟ್ಟಿಲುಗಳು ಒಂದರ ಹಿಂದೊಂದು ಇಳಿದು ಬಂದು ನೆಲದೊಳಗೆ ಹೋದವು. ಆಮೇಲೆ ನಿಂತಿತು.

ಮುದುಕರು ಅದನ್ನು ನೋಡಿದರೋ ಇಲ್ಲವೋ ತಿಳಿಯಲಿಲ್ಲ. ಅವರ ಕಣ್ಣು ಹೊರಗಿನ ಬಾಗಿಲ ಕಡೆಗಿತ್ತು. ಸ್ವಲ್ಪ ಹೊತ್ತು ಕೂತಿದ್ದು, "ಅಚ್ಛಾ ಬೇಟಿ" ಎಂದು ಕೈ ಮುಗಿದು ಹೊರಟುಹೋದರು.

ಮುಂದಿನ ಮಂಗಳವಾರವೂ ಬಂದರು, ಅದರ ಮುಂದಿನ ವಾರವೂ. ಪ್ರತಿ ಸಲ ಅದೇ ಮಾತು, ಅದೇ ಮರ್ಯಾದೆ. ಪೂನಂ ಒಮ್ಮೆಯೂ ಬರಲಿಲ್ಲ. ಮೂರನೆಯ ಸಲ ನಾನು ಕರೆದು ಮುಗಿಸಿದ ಮೇಲೆ ಶೂ ಅಂಗಡಿಯಿಂದ ದೇವೇಂದರ್ ಇಳಿದು ಬಂದ. ಅವನ ಮುಖ ಬಿಳಿಚಿಕೊಂಡಿತ್ತು. ಮುದುಕರು ಹೋಗುವವರೆಗೆ ದೂರ ನಿಂತಿದ್ದು, ಆಮೇಲೆ ಮೇಜಿನ ಹತ್ತಿರ ಬಂದ.

"ದೀದಿ, ಆ ಹೆಸರು ಕರೆಯಬೇಡಿ" ಎಂದ. "ನಮ್ಮ ಅಂಗಡಿಯಲ್ಲಿದ್ದಳು ಆ ಹುಡುಗಿ. ಹೋದ ಚಳಿಗಾಲ ಬೆಳಿಗ್ಗೆ ಒಬ್ಬಳೇ ರಸ್ತೆ ದಾಟುವಾಗ ಯಾವುದೋ ಗಾಡಿ ಹೊಡೆಯಿತು. ಯಾವುದು ಅಂತ ಯಾರಿಗೂ ಕಾಣಲಿಲ್ಲ. ಸತ್ತವಳು ಅವಳೇ ಅಂತ ನಮಗೆ ತಿಳಿದದ್ದೂ ಮರುದಿನ. ನೀವು ಕರೆದಾಗಲೆಲ್ಲ ನಮ್ಮ ಅಂಗಡಿಯ ಹುಡುಗಿಯರು ಸ್ಟೋರ್‌ರೂಮಿನೊಳಗೆ ಹೋಗಿ ಕೂತುಬಿಡುತ್ತಾರೆ."

ನನ್ನ ಕೈ ಮೈಕಿನ ಮೇಲೆಯೇ ಇತ್ತು. ತಣ್ಣಗಿತ್ತು ಮೈಕು. ಕೈ ತೆಗೆದೆ.

ಸೂದ್ ಸಾಹೇಬರಿಗೂ ದೂರು ಹೋಗಿತ್ತು. ಅವರು ಕೆಟ್ಟವರಲ್ಲ. ನನ್ನನ್ನು ಕೂರಿಸಿ, ಚಹಾ ತರಿಸಿ ಹೇಳಿದರು. "ಆ ಮುದುಕರ ದುಃಖ ನನಗೂ ಅರ್ಥವಾಗುತ್ತೆ. ಆದರೆ ಇಲ್ಲದವರನ್ನು ಕರೆಯಲು ನಾವು ಮೈಕ್ ಇಟ್ಟಿಲ್ಲ. ಮತ್ತೆ ಅದು ಆದದ್ದು ನಮ್ಮ ಗೇಟಿನ ಹೊರಗೆ. ರಸ್ತೆ ನಮ್ಮದಲ್ಲ."

"ಬಸ್ಸು ಈ ಕಡೆ ತಿರುಗಿ ಬಂದು ನಿಲ್ಲುವ ಹಾಗೆ ಮಾಡಬಹುದಲ್ಲ ಸರ್? ಮುಂದೆ ಯೂ-ಟರ್ನ್ ಇದೆ."

"ಬಸ್ಸು ನಿಂತರೆ ಏನಾಗುತ್ತೆ ಗೊತ್ತೇ? ಗೇಟಿನ ಮುಂದೆ ಕಡಲೆಕಾಯಿ ಗಾಡಿ ಬರುತ್ತೆ, ಆಟೋ ಬರುತ್ತೆ, ಗುಂಪು ಸೇರುತ್ತೆ. ನಮ್ಮ ಗಿರಾಕಿಗಳು ಬಸ್ಸಿನಲ್ಲಿ ಬರುವವರಲ್ಲ." ಹೀಗೆ ಹೇಳುವಾಗ ಅವರ ಹಿಂದಿನ ಗಾಜಿನಿಂದ ಇಡೀ ಮಾಲ್ ಕಾಣುತ್ತಿತ್ತು, ಅದರಲ್ಲಿ ಒಬ್ಬ ಗಿರಾಕಿಯೂ ಇರಲಿಲ್ಲ.

ಎಸ್ಕಲೇಟರಿನ ಸಂಗತಿ ಕೇಳಿದೆ. "ಸೆನ್ಸರ್ ಕೆಟ್ಟಿರಬೇಕು, ಚಳಿಗೆ ಹಾಗಾಗುತ್ತೆ" ಎಂದರು.

ನಾಲ್ಕನೆಯ ಮಂಗಳವಾರ ಹರಿಕಿಶನ್ ಜೀ ಬಂದಾಗ ನಾನು ಮೈಕ್ ಮುಟ್ಟಲಿಲ್ಲ. ಅವರನ್ನು ಕುರ್ಚಿಯಲ್ಲಿ ಕೂರಿಸಿದೆ. ಹೇಗೆ ಶುರುಮಾಡಬೇಕೆಂದು ತಿಳಿಯದೆ, "ಬಾಬೂಜೀ, ಪೂನಂ..." ಎಂದು ನಿಲ್ಲಿಸಿದೆ.

"ಗೊತ್ತು ಬೇಟಿ" ಎಂದರು ಅವರು. "ಅವಳ ಚಿತೆಗೆ ಬೆಂಕಿ ಕೊಟ್ಟವನು ನಾನೇ."

ಆಮೇಲೆ ತಾವಾಗಿಯೇ ಹೇಳಿದರು. ಅವರ ಮನೆ ರೋಹಿಣಿಯಲ್ಲಿ. ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಪೂನಂ ರೋಹಿಣಿಯಲ್ಲಿ ಮೆಟ್ರೋ ಹತ್ತಿ, ನಡುವೆ ಬದಲಾಯಿಸಿ ಸೆಂಟ್ರಲ್ ಸೆಕ್ರೆಟೇರಿಯಟ್ಟಿಗೆ ಬಂದು, ಅಲ್ಲಿಂದ ಎರಡು ಬಸ್ಸು ಹಿಡಿದು ಇಲ್ಲಿಗೆ ಬರುತ್ತಿದ್ದಳು. "ಇಡೀ ದಿಲ್ಲಿ ದಾಟಿ ಬರ್ತಿದ್ದಳು ಬೇಟಿ. ಈ ಒಂದು ರಸ್ತೆ ದಾಟಲಿಲ್ಲ" ಎಂದರು. ಆ ದಿನ ಅವಳ ಚೀಲ ಎಲ್ಲಿ ಹಾರಿ ಬಿತ್ತೋ, ಯಾರೆಂದು ಗುರುತು ಹಿಡಿಯುವಂಥದ್ದು ಮೈಮೇಲೆ ಏನೂ ಇರಲಿಲ್ಲ. ಹೆಸರಿಲ್ಲದ ಹೆಣವೆಂದು ಎಲ್ಲೋ ಆಸ್ಪತ್ರೆಯಲ್ಲಿ ಇಟ್ಟಿದ್ದರು. ಫೋನಿಗೆ ಸಿಗುತ್ತಿಲ್ಲವೆಂದು ಅವರು ಹುಡುಕಿಕೊಂಡು ಸಂಜೆ ಇಲ್ಲಿಗೆ ಬಂದರು. ನನ್ನ ಜಾಗದಲ್ಲಿ ಆಗ ಇದ್ದ ಹುಡುಗಿ ಪೂನಂಳ ಹೆಸರು ಕರೆದಳು. ಕರೆದಿದ್ದಾರೆ, ಬರುತ್ತಾಳೆ ಎಂದು ಇವರು ಇದೇ ಕುರ್ಚಿಯಲ್ಲಿ ಕೂತಿದ್ದರು.

"ಮತ್ತೆ ಮತ್ತೆ ಕರೆದರು. ಕೊನೆಗೆ ಮುಚ್ಚುವ ಹೊತ್ತಾಯಿತು ಅಂತ ನಿಲ್ಲಿಸಿದರು. ದೀಪ ಆರಿಸಿದರು." ಅವರು ಶಾಲಿನ ಅಂಚನ್ನು ಬೆರಳಿನಿಂದ ತಿರುವುತ್ತಿದ್ದರು. "ಅವಳು ಆ ಕಡೆಯೇ ನಿಂತಿದ್ದಾಳೆ ಅನಿಸುತ್ತೆ ನನಗೆ. ಬಸ್ಸು ಇಳಿದ ಕಡೆ. ಮಂಜಿನಲ್ಲಿ ಈ ಕಟ್ಟಡ ಕಾಣೋದಿಲ್ಲವಲ್ಲ. ಹೆಸರು ಹಿಡಿದು ಕರೆದರೆ ಯಾವ ಕಡೆ ಬರಬೇಕು ಅಂತ ಗೊತ್ತಾಗುತ್ತೆ."

ನಾನು ಎದ್ದು ಮೈಕ್ ಹಾಕಿದೆ. ಪೂನಂ ಜೀ ದಯವಿಟ್ಟು ಮುಖ್ಯ ದ್ವಾರಕ್ಕೆ ಬರಬೇಕು ಎಂದು ಎರಡು ಸಲ ಕರೆದೆ. ಮೇಲಿನ ಅಂಗಡಿಗಳ ಬಾಗಿಲುಗಳಲ್ಲಿ ಒಂದೆರಡು ಮುಖ ಕಾಣಿಸಿಕೊಂಡು ಮರೆಯಾದವು. ಸೂದ್ ಸಾಹೇಬರು ಆ ದಿನ ಮೀಟಿಂಗಿನಲ್ಲಿದ್ದರು. ಕೇಳಿದರೆ ಕೇಳಲಿ ಎಂದುಕೊಂಡೆ. ಅಂದಿನಿಂದ ಪ್ರತಿ ಮಂಗಳವಾರ ಕರೆದೆ, ಆದರೆ ಕರೆದ ರಾತ್ರಿಗಳಲ್ಲಿ ನನಗೆ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲ. ಒಬ್ಬಳು ಹುಡುಗಿ ರಸ್ತೆಯ ಬದಿಯಲ್ಲಿ ನಿಂತು ಕತ್ತು ಚಾಚಿ ನನ್ನ ದನಿ ಕೇಳಿಸಿಕೊಳ್ಳುತ್ತಿರುವ ಹಾಗೆ ಅನಿಸುತ್ತಿತ್ತು.

ಜನವರಿಯ ಆ ಶುಕ್ರವಾರದ ಮಂಜಿನಂಥ ಮಂಜನ್ನು ನಾನು ಮತ್ತೆ ನೋಡಿಲ್ಲ. ಮಹಿಪಾಲ್‌ಪುರದಿಂದ ಬಸ್ಸು ಹೆಜ್ಜೆ ಹಾಕಿದಂತೆ ಬಂತು. ಹತ್ತಿರದ ವಿಮಾನ ನಿಲ್ದಾಣದಲ್ಲಿ ವಿಮಾನಗಳು ಹಾರದೆ ನಿಂತಿದ್ದವೋ ಏನೋ, ಯಾವಾಗಲೂ ತಲೆಯ ಮೇಲೆ ಕೇಳುವ ಗುಡುಗು ಇರಲಿಲ್ಲ. ಇಳಿದಾಗ ಲೋಕವೆಲ್ಲ ಹತ್ತಿಯಲ್ಲಿ ಸುತ್ತಿಟ್ಟ ಹಾಗೆ ನಿಶ್ಶಬ್ದ. ಕೈ ಹಿಡಿದುಕೊಂಡು ಮೊದಲರ್ಧ ದಾಟಿದೆವು. ಗೋಡೆ ಕೈಗೆ ಸಿಕ್ಕಿತು. ಹತ್ತಿ, ಆ ಬದಿಗೆ ಇಳಿದು ಸಾಲಾಗಿ ನಿಂತೆವು. ದೇವೇಂದರ್ ಕೇಳಿಸಿಕೊಂಡ. ಏನೂ ಸದ್ದಿರಲಿಲ್ಲ. "ಚಲೋ" ಎಂದು ಹೆಜ್ಜೆ ಮುಂದಿಟ್ಟ.

ಆಗ ಮಂಜಿನೊಳಗಿಂದ, ಎದುರುಗಡೆಯಿಂದ, ನನ್ನದೇ ದನಿ ಕೇಳಿತು. ಪೂನಂ ಜೀ, ದಯವಿಟ್ಟು ಮುಖ್ಯ ದ್ವಾರಕ್ಕೆ ಬರಬೇಕು.

ಕಾಲು ನೆಲಕ್ಕೆ ಕಚ್ಚಿಕೊಂಡವು. ನಾನು ನಿಂತಾಗ ನನ್ನ ಕೈಯಲ್ಲಿದ್ದ ದೇವೇಂದರನ ಕೈ ಎಳೆದಂತಾಗಿ, ಅವನು ಮುಗ್ಗರಿಸಿ ಹಿಂದಕ್ಕೆ ಬಂದ. "ಏನಾಯಿತು ದೀದಿ?" ಎಂದು ಸಿಟ್ಟಿನಿಂದ ತಿರುಗಿದ. ಅವನ ಮಾತು ಮುಗಿದಿರಲಿಲ್ಲ. ದೀಪವಿಲ್ಲದ, ಹಾರನ್ ಇಲ್ಲದ ಒಂದು ಲಾರಿ ಅವನ ಬೆನ್ನ ಹಿಂದೆ ಹಾದುಹೋಯಿತು. ಕಬ್ಬಿಣದ ಸರಳು ಹೇರಿತ್ತು. ಹಿಂದಕ್ಕೆ ಚಾಚಿದ ಸರಳುಗಳು ರಸ್ತೆಗೆ ತಾಗಿ ಕಿಡಿ ಹಾರಿಸುತ್ತಾ ಹೋದದ್ದು ಕಂಡಿತು. ಅದರ ಗಾಳಿಗೆ ದೇವೇಂದರನ ಮಫ್ಲರ್ ಕಳಚಿ ಮಂಜಿನೊಳಗೆ ಹೋಯಿತು. ಆಮೇಲೆ ಮತ್ತೆ ನಿಶ್ಶಬ್ದ.

ತುಂಬ ಹೊತ್ತು ಯಾರೂ ಕೈ ಬಿಡಲಿಲ್ಲ. ನಸ್ರೀನ್ ನನ್ನ ಕಿವಿಯ ಹತ್ತಿರ ಬಂದು, "ಅಕ್ಕಾ, ಅದು ನಿಮ್ಮ ದನಿ" ಎಂದಳು.

"ನಿನಗೂ ಕೇಳಿತಾ?"

"ಕೇಳ್ತು. ಪೂನಂ ಅಂತ ಕರೀತು."

ದೇವೇಂದರ್ ತನಗೆ ಏನೂ ಕೇಳಲಿಲ್ಲ ಎಂದ. ನಮ್ಮ ಹಿಂದಿದ್ದ ನೆಲ ಒರೆಸುವ ಹೆಂಗಸು ಯಾರೋ ಹೆಣ್ಣು ಕರೆದ ಹಾಗಾಯಿತು, ಹೆಸರು ತಿಳಿಯಲಿಲ್ಲ ಎಂದಳು.

ಹೇಗೋ ಉಳಿದರ್ಧ ದಾಟಿದೆವು. ನಾನು ನೇರ ಮೇಜಿನ ಹತ್ತಿರ ಹೋದೆ. ಮೈಕ್ ಇಡುವ ಡ್ರಾಯರಿಗೆ ಬೀಗ ಹಾಕಿತ್ತು, ಕೀಲಿ ನನ್ನ ಪರ್ಸಿನಲ್ಲೇ ಇತ್ತು. ಎಲೆಕ್ಟ್ರಿಷಿಯನ್ನನ್ನು ಕೇಳಿದರೆ, ಸ್ಪೀಕರುಗಳಿಗೆ ಇನ್ನೂ ಕರೆಂಟೇ ಕೊಟ್ಟಿಲ್ಲ, ಮಾಲ್ ತೆರೆಯುವ ಹೊತ್ತಿಗೆ ಕೊಡುವುದು ಎಂದ. ಮತ್ತೆ ಏನೋ ಯೋಚಿಸಿ, "ಮೇಡಂ, ಸ್ಪೀಕರೆಲ್ಲ ಒಳಗಿವೆ. ಹೊರಗೆ ಒಂದೂ ಇಲ್ಲ" ಎಂದ.

ಆ ದಿನ ಪ್ರಕಾಶ್‌ಗೆ ಮಿಸ್ಡ್ ಕಾಲ್ ಕೊಡುವುದನ್ನು ಮರೆತಿದ್ದೆ. ಅವರೇ ಹೆಲ್ಪ್ ಡೆಸ್ಕಿಗೆ ಫೋನು ಮಾಡಿದರು. ಸಂಜೆ ಮನೆಗೆ ಹೋಗಿ ನಡೆದದ್ದೆಲ್ಲ ಹೇಳಿದೆ. ಅವರು ದೆವ್ವ ಗಿವ್ವ ಎಂದು ನಗಲಿಲ್ಲ. "ಯಾರು ಕರೆದರೂ ಸರಿ, ನೀನು ನಿಂತೆಯಲ್ಲ. ಇನ್ನು ಆ ರಸ್ತೆ ದಾಟಬೇಡ" ಎಂದರು.

ನಾವು ದಾಟಲಿಲ್ಲ. ಇದನ್ನು ಮುಂದೆ ನಿಂತು ಮಾಡಿದವಳು ನಸ್ರೀನ್. ಶನಿವಾರ ಬೆಳಿಗ್ಗೆ ಬಸ್ಸು ಇಳಿದ ಮೇಲೆ ದೇವೇಂದರ್ ಕೈ ಚಾಚಿದ. ನಸ್ರೀನ್ ಹಿಡಿಯಲಿಲ್ಲ. ತನ್ನ ಶಾಲನ್ನು ಬಿಗಿಯಾಗಿ ಸುತ್ತಿಕೊಂಡು ರಸ್ತೆಬದಿಯ ಕಲ್ಲಿನ ಮೇಲೆ ಕೂತಳು. "ನಾನು ಬರೋದಿಲ್ಲ. ಗಾಡಿ ಕಳಿಸ್ತಾರಂದ್ರ ಬರ್ತೀನಿ" ಎಂದು ನನಗೆ ಹೇಳಿ, ಅದನ್ನೇ ಹಿಂದಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು. ನಾನು ಅವಳ ಪಕ್ಕದಲ್ಲಿ ಕೂತೆ. ಹಿಂದಿನ ದಿನ ನಮ್ಮ ಜೊತೆಗಿದ್ದವರೆಲ್ಲ ಕೂತರು. ದೇವೇಂದರ್ ಸ್ವಲ್ಪ ಹೊತ್ತು ನಿಂತಿದ್ದು ತಾನೂ ಕುಕ್ಕರುಗಾಲಿನಲ್ಲಿ ಕೂತ. ಮುಂದಿನ ಬಸ್ಸಿನಲ್ಲಿ ಬಂದವರು ವಿಷಯ ಕೇಳಿ ಉಳಿದರು, ಅದರ ಮುಂದಿನ ಬಸ್ಸಿನವರೂ ಉಳಿದರು. ಹೊತ್ತೇರುವಷ್ಟರಲ್ಲಿ ರಸ್ತೆಯ ಎಡಬದಿಯಲ್ಲಿ ಶಾಲು, ಕಂಬಳಿ ಹೊದ್ದವರ ಉದ್ದ ಸಾಲು. ಯಾರೂ ಕೂಗಲಿಲ್ಲ, ಘೋಷಣೆ ಹಾಕಲಿಲ್ಲ. ಸುಮ್ಮನೆ ಕೂತಿದ್ದೆವು.

ಮಂಜು ತೆಳುವಾಗುತ್ತ ಬಂದು ಎದುರಿಗೆ ಮಾಲ್ ನಿಧಾನವಾಗಿ ಮೂಡಿತು. ಒಳಗೆಲ್ಲ ದೀಪ ಉರಿಯುತ್ತಿದ್ದವು, ಅಂಗಡಿಗಳ ಶಟರ್ ಮಾತ್ರ ಎಳೆದಿದ್ದವು. ಶನಿವಾರದ ಕಾರುಗಳು ಬಂದು ಇಳಿಜಾರಿನಲ್ಲಿ ಇಳಿದುಹೋದವು. ಸ್ವಲ್ಪ ಹೊತ್ತಿಗೆ ಅವೇ ಕಾರುಗಳು ಮತ್ತೆ ಮೇಲೆ ಬಂದು ಹಿಂದಿರುಗಿದವು. ಇಷ್ಟು ದಿನ ಒಳಗೆ ಕೂತಿದ್ದ ನಾನು ಮೊದಲ ಸಲ ಅದನ್ನು ಈ ಕಡೆಯಿಂದ, ನೆಟ್ಟ ಕಣ್ಣಿನಿಂದ ನೋಡಿದೆ. ಪೂನಂ ಇಲ್ಲೇ ನಿಂತಿರುತ್ತಾಳೆ ಎಂದು ಅವಳ ತಂದೆ ಹೇಳಿದ ಜಾಗ ಇದೇ ಎಂದು ಹೊಳೆದು, ಪಕ್ಕದಲ್ಲಿ ಖಾಲಿ ಇದ್ದ ಕಲ್ಲಿನ ಕಡೆ ತಿರುಗಿ ನೋಡಲು ಧೈರ್ಯವಾಗಲಿಲ್ಲ.

ಸೂದ್ ಸಾಹೇಬರು ಗೇಟಿಗೆ ಬಂದರು. ಫೋನಿನಲ್ಲಿ ನಸ್ರೀನಳೊಂದಿಗೆ ಮಾತಾಡಿದರು, ಗದರಿದರು, ಕೊನೆಗೆ ತಾವೇ ಬಂದು ಮಾತಾಡುತ್ತೇನೆ ಎಂದರು. ಕಾರಿನಲ್ಲಿ ಬರಬೇಕಾದರೆ ಬಹಳ ದೂರ ಹೋಗಿ ತಿರುಗಿ ಬರಬೇಕು. ಅವರಿಗೆ ಅಷ್ಟು ತಾಳ್ಮೆ ಇರಲಿಲ್ಲವೋ, ಈ ರಸ್ತೆ ಏನು ಮಹಾ ಎಂದು ತೋರಿಸಬೇಕಿತ್ತೋ, ಕೋಟಿನ ಗುಂಡಿ ಹಾಕಿಕೊಂಡು ರಸ್ತೆಗೆ ಇಳಿದುಬಿಟ್ಟರು. ನಾವೆಲ್ಲ ಎದ್ದು ನಿಂತೆವು. ಎರಡು ಕಾರುಗಳ ನಡುವೆ ಓಡಿ ನಡುವಿನ ಗೋಡೆ ತಲುಪಿದರು. ಅದರ ಮೇಲೆ ಹತ್ತಿ ನಿಂತರು. ಅಷ್ಟೆ. ನಮ್ಮ ಕಡೆ ಒಂದು ಹೆಜ್ಜೆ ಇಡಲು ನೋಡಿದರು, ಬಸ್ಸು ಬಂತು. ಹಿಂದಕ್ಕೆ ಹೋಗಲು ತಿರುಗಿದರು, ಆ ಕಡೆ ಲಾರಿಗಳ ಸಾಲು. ಈ ಕಡೆಗೂ ಇಲ್ಲ, ಆ ಕಡೆಗೂ ಇಲ್ಲ. ತೆಳು ಮಂಜಿನಲ್ಲಿ ಗೋಡೆಯ ಮೇಲೆ ಕಪ್ಪು ಕೋಟು ಎದ್ದು ಕಾಣುತ್ತಿತ್ತು. ಅವರ ಮುಖ ನಮಗೆ ಕಾಣುವಷ್ಟು ಹತ್ತಿರವಿದ್ದರು, ಆದರೆ ನಾವು ಕೂಗಿದ್ದು ಅವರಿಗೆ ಕೇಳಿಸಲಿಲ್ಲ. ಯಾರೂ ನಗಲಿಲ್ಲ. ಕೊನೆಗೆ ದೇವೇಂದರ್ ಹೋಗಿ ಅವರ ಕೈ ಹಿಡಿದು ಈ ಕಡೆಗೆ ದಾಟಿಸಿಕೊಂಡು ಬಂದ.

ಸೂದ್ ಸಾಹೇಬರು ಬಂದು ನಸ್ರೀನ್ ಕೂತಿದ್ದ ಕಲ್ಲಿನ ಮೇಲೆ ಕೂತರು. ಯಾರೋ ಫ್ಲಾಸ್ಕಿನಿಂದ ಚಹಾ ಕೊಟ್ಟರು, ಕುಡಿದರು. ಆಮೇಲೆ ನನ್ನ ಕಡೆ ನೋಡಿ, "ಆ ಹುಡುಗಿ ಎಲ್ಲಿ ಬಿದ್ದಿದ್ದಳು?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ದೇವೇಂದರ್ ಕೈಯೆತ್ತಿ ತೋರಿಸಿದ. ಗೋಡೆಯಿಂದ ಆಚೆ, ಹಿಂದಿನ ದಿನ ಲಾರಿ ಹಾದುಹೋದ ಜಾಗವದು.

ಸೋಮವಾರದಿಂದ ಮಹಿಪಾಲ್‌ಪುರಕ್ಕೆ ಮಾಲಿನ ವ್ಯಾನು ಬರತೊಡಗಿತು. ಅದು ನಮ್ಮನ್ನು ಹತ್ತಿಸಿಕೊಂಡು, ಮುಂದೆ ಹೋಗಿ ತಿರುಗಿ, ಗೇಟಿನ ಒಳಗೇ ಇಳಿಸುತ್ತಿತ್ತು. ಸೂದ್ ಸಾಹೇಬರು ಅಷ್ಟಕ್ಕೇ ಬಿಡಲಿಲ್ಲ. ಯಾವ ಯಾವ ಕಚೇರಿಗೆ ಅಲೆದರೋ, ಏನೇನು ಹೇಳಿದರೋ, ಹೋಳಿ ಹಬ್ಬದ ಹೊತ್ತಿಗೆ ಹರಿಯಾಣದ ಕೆಲವು ಬಸ್ಸುಗಳು ಯೂ-ಟರ್ನ್ ಹೊಡೆದು ಬಂದು ನಮ್ಮ ಗೇಟಿನ ಮುಂದೆ ನಿಲ್ಲತೊಡಗಿದವು. ತಗಡಿನ ಮಾಡು ಹಾಕಿ ಒಂದು ಬೆಂಚೂ ಬಂತು. ಅವರು ಹೇಳಿದ ಹಾಗೆಯೇ ಕಡಲೆಕಾಯಿ ಗಾಡಿ, ಆಟೋಗಳೂ ಬಂದವು. ಬಸ್ಸಿನಲ್ಲಿ ಬಂದ ಕಾಲೇಜು ಹುಡುಗಿಯರು ಗುಂಪಾಗಿ ಒಳಗೆ ಬಂದು ಎಸ್ಕಲೇಟರಿನಲ್ಲಿ ಮೇಲೆ ಕೆಳಗೆ ಓಡಾಡತೊಡಗಿದರು. ಏನೂ ಕೊಳ್ಳುತ್ತಿರಲಿಲ್ಲ, ಸುಮ್ಮನೆ ನಗುತ್ತಿದ್ದರು. ಆ ಗದ್ದಲದಲ್ಲಿ ನನ್ನ ದನಿ ಗುಮ್ಮಟದಿಂದ ವಾಪಸು ಬರುವುದು ನಿಂತುಹೋಯಿತು.

ಈ ನಡುವೆ ಹರಿಕಿಶನ್ ಜೀ ಕೆಲವು ವಾರ ಬಂದಿರಲಿಲ್ಲ. ಎದೆಯಲ್ಲಿ ಕಫ ಕಟ್ಟಿ ಮಲಗಿದ್ದರಂತೆ. ಆದರೂ ನಾನು ಮಂಗಳವಾರ ಕರೆಯುವುದನ್ನು ಬಿಟ್ಟಿರಲಿಲ್ಲ. ಸೂದ್ ಸಾಹೇಬರು ಕೇಳಿಸಿಕೊಂಡು ಸುಮ್ಮನೆ ಹೋಗುತ್ತಿದ್ದರು. ಮಾರ್ಚ್ ಕೊನೆಯ ಒಂದು ಮಂಗಳವಾರ, ಬಿಸಿಲು ಚುರುಕಾಗಿದ್ದ ದಿನ, ಗಾಜಿನ ಬಾಗಿಲಿನಿಂದ ಹೊರಗೆ ನೋಡುತ್ತಿದ್ದೆ. ಬಸ್ಸು ಬಂದು ನಿಂತಿತು. ಅವರು ಇಳಿದರು. ಶಾಲು ಇರಲಿಲ್ಲ, ಇಸ್ತ್ರಿ ಮಾಡಿದ ಹಳೆಯ ಕಂಡಕ್ಟರ್ ಖಾಕಿ ಅಂಗಿ ತೊಟ್ಟಿದ್ದರು.

ಇಳಿದವರು ಬಾಗಿಲಿಂದ ಸರಿದು ಬರಲಿಲ್ಲ. ಬಸ್ಸಿನ ಮೆಟ್ಟಿಲ ಕಡೆಗೆ ತಿರುಗಿ, ಹಿಂದೆ ಇಳಿಯುತ್ತಿರುವ ಯಾರಿಗೋ ಎಂಬಂತೆ ಒಂದು ಕೈ ಚಾಚಿ ನಿಂತರು. ಆ ಬಸ್ಸಿನ ಕಂಡಕ್ಟರ್ ಸೀಟಿ ಬಾಯಲ್ಲಿಟ್ಟುಕೊಂಡವನು ಊದದೆ ಅವರ ಮುಖವನ್ನೇ ನೋಡುತ್ತಿದ್ದ. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರು ಕೈ ಕೆಳಗಿಳಿಸಿ ತಲೆಯಾಡಿಸಿದರು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೋಯಿತು.

ಅವರು ಒಳಗೆ ಬಂದಾಗ ನನ್ನ ಕೈ ಆಗಲೇ ಮೈಕಿನ ಹತ್ತಿರ ಹೋಗಿತ್ತು. ಅವರು ಮೇಜಿನ ಮೇಲೆ ಅಂಗೈ ಇಟ್ಟು ತಡೆದರು.

"ಬೇಡ ಬೇಟಿ, ಇನ್ನು ಕರೆಯೋದು ಬೇಡ" ಎಂದರು. "ಅವಳ ಸ್ಟಾಪ್ ಬಂತು. ಇಳಿಸಿದೆ."